ನಕ್ಕರೆ ನೋವು ಸುಳ್ಳಾಗುವುದಿಲ್ಲ

ಈ ವಾರದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದಾಕೆಗೆ 42 ವರ್ಷ. ನಾಲ್ಕು ವರ್ಷದಿಂದ ಸೊಂಟನೋವು. ಎಂಆರ್‌ಐಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಡಾಕ್ಟರು ಕಡಿಮೆ ಡೋಸಿನ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟಿದ್ದರು. ಅದು ಖಿನ್ನತೆಯ ಮಾತ್ರೆ ಎಂದು ಮೊಬೈಲಿನಲ್ಲಿ ಓದಿ ಎರಡೇ ವಾರಕ್ಕೆ ನಿಲ್ಲಿಸಿದ್ದಾರೆ. ಗಂಡ ಬೈಯುವವರಲ್ಲ, ಆದರೆ ‘ಹೇಗಿದೆ’ ಎಂದು ಕೇಳುವುದನ್ನೂ ಬಿಟ್ಟಿದ್ದಾರೆ. ಇವರ ಪ್ರಶ್ನೆ: “ನನ್ನ ನೋವು ಮೈಯಲ್ಲಿದೆಯೋ, ಮನಸ್ಸಿನಲ್ಲಿದೆಯೋ?”

ಪ್ರಶ್ನೆಗೆ ಆಮೇಲೆ ಬರುತ್ತೇನೆ. ಪತ್ರದ ಕೊನೆಗೆ ನೀವು ಇದನ್ನು ಬರೆದು ಮುಗಿಸಿಬಿಟ್ಟಿದ್ದೀರಿ: “ಒಮ್ಮೆ ಮನೆಮಂದಿಯೆಲ್ಲ ಸೇರಿದ್ದಾಗ ಏನೋ ಮಾತಿಗೆ ಜೋರಾಗಿ ನಕ್ಕೆ. ‘ಈಗೆಲ್ಲಿ ಹೋಯ್ತು ಅತ್ತಿಗೆ ನಿಮ್ಮ ಸೊಂಟನೋವು?’ ಅಂದಳು ನಾದಿನಿ. ಆಗಿನಿಂದ ಅವರೆದುರು ನಗುವುದನ್ನು ಕಡಿಮೆ ಮಾಡಿದ್ದೇನೆ. ಅದಿರಲಿ.”

ಅದಿರಲಿ ಅಂದರೆ ಹೇಗಮ್ಮಾ? ನನ್ನನ್ನು ನಿದ್ದೆಗೆಡಿಸಿದ್ದೇ ಆ ಸಾಲು. ನೋವನ್ನು ನಂಬಿಸಲು ನಗುವನ್ನು ಅಡವಿಟ್ಟಿದ್ದೀರಿ.

ನಿಮ್ಮ ನಾದಿನಿಯ ಮೇಲೆ ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನಿಮ್ಮ ಗಂಡನನ್ನು ಅಷ್ಟು ದೂರಲಾರೆ. ನಾಲ್ಕು ವರ್ಷ ಏನೂ ಮಾಡಲಾಗದೆ ಸೋತವರು ಮಾತು ಬಿಡುವುದುಂಟು. ಆದರೆ ಆಕೆ ಹತ್ತು ಜನರ ಮುಂದೆ ನಿಮ್ಮನ್ನು ಕಟಕಟೆ ಹತ್ತಿಸಿದಳು. ನೀವು ಇನ್ನೂ ಇಳಿದಿಲ್ಲ. ನೋವು ನಿಜವೆಂದು ಸಾಬೀತುಪಡಿಸುವ ಹೊಣೆ ನೋಯುವವರದಲ್ಲ. ಇದನ್ನು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಇದು ನನ್ನೊಬ್ಬಳ ಹಟವೂ ಅಲ್ಲ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತಾರಾಷ್ಟ್ರೀಯ ಸಂಘ 1979ರಲ್ಲೇ ನೋವನ್ನು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು ಎಂದು ವ್ಯಾಖ್ಯಾನಿಸಿತು. 2020ರಲ್ಲಿ ಅದನ್ನು ತಿದ್ದಿದಾಗ, ನೋಯುತ್ತಿದೆ ಎಂದವರ ಮಾತನ್ನು ಗೌರವಿಸಬೇಕು ಎಂದೂ ಸೇರಿಸಿತು. ಹಾಗಾಗಿ ಮೈಯೋ ಮನಸ್ಸೋ ಎಂಬ ನಿಮ್ಮ ಪ್ರಶ್ನೆಯಲ್ಲೇ ತಪ್ಪಿದೆ. ಎಲ್ಲ ನೋವೂ ಎರಡೂ ಕಡೆಯದು, ಮೂಳೆ ಮುರಿದವರದು ಕೂಡ. ಎಂಆರ್‌ಐ ತೋರಿಸುವುದು ಮೂಳೆ, ಡಿಸ್ಕ್, ನರಗಳ ಆಕಾರವನ್ನು. ನೋವಿನ ಫೋಟೋ ಅದರಲ್ಲಿ ಬರುವುದಿಲ್ಲ. ಡಿಸ್ಕ್ ಸವೆದಿದ್ದೂ ಒಂದು ದಿನವೂ ನೋಯದವರು ಬೇಕಾದಷ್ಟಿದ್ದಾರೆ. ಮೂರು ತಿಂಗಳು ದಾಟಿ ಉಳಿದ ನೋವಿನಲ್ಲಿ, ಮೊದಲ ಪೆಟ್ಟು ಮಾಗಿದ ಮೇಲೂ ನರವ್ಯೂಹವೇ ಅತಿಸೂಕ್ಷ್ಮವಾಗಿ ಉಳಿದುಬಿಡಬಹುದು.

ಇನ್ನು ನಗುವಿನ ವಿಷಯ. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳಿಗೊಂದು ಬಾಗಿಲಿದೆ ಎಂಬ ಸಿದ್ಧಾಂತ ಮುಂದಿಟ್ಟರು. ಅದರ ವಿವರಗಳು ಆಮೇಲೆ ಬದಲಾಗಿವೆ, ಮುಖ್ಯ ಮಾತು ನಿಂತಿದೆ: ಮಿದುಳಿನಿಂದ ಕೆಳಗಿಳಿಯುವ ಸಂದೇಶಗಳು ಆ ಬಾಗಿಲನ್ನು ತೆರೆಯಲೂ ಬಲ್ಲವು, ಮುಚ್ಚಲೂ ಬಲ್ಲವು. ಭಯ, ಆತಂಕ, ಕೆಟ್ಟ ನಿದ್ದೆ ಅದನ್ನು ಹಾರುಹೊಡೆಸುತ್ತವೆ. ಮನಸ್ಸು ಬೇರೆಲ್ಲೋ ಖುಷಿಯಾಗಿ ತೊಡಗಿದಾಗ ಅದು ಅರ್ಧ ಮುಚ್ಚುತ್ತದೆ. ಅಂದು ನಕ್ಕಾಗ ನಿಮ್ಮ ನೋವು ನಿಜಕ್ಕೂ ತುಸು ತಗ್ಗಿದ್ದರೆ, ಮೈ ತನಗೆ ತಾನೇ ಕೊಟ್ಟುಕೊಂಡ ಮದ್ದು ಅದು. ನಾದಿನಿಯ ಮಾತಿಗೆ ಹೆದರಿ ಆ ಮದ್ದನ್ನೇ ನಿಲ್ಲಿಸಿದ್ದೀರಿ. ಮೇಲಿಂದ ಮುಖ ಬಿಗಿಹಿಡಿದು, ‘ಈಗ ಯಾರು ನೋಡುತ್ತಿದ್ದಾರೆ’ ಎಂದು ದಿನವಿಡೀ ಕಾವಲು ಕಾಯುತ್ತಿದ್ದೀರಿ. ಆ ಕಾವಲೂ ಆತಂಕವೇ.

ಮಾತ್ರೆಯ ಮಾತು ಚಿಕ್ಕದು. ಖಿನ್ನತೆಗೆ ಕೊಡುವುದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಅದನ್ನು ದೀರ್ಘಕಾಲದ ನೋವಿಗೂ ಕೊಡುತ್ತಾರೆ. ನಿಮ್ಮನ್ನು ಮನೋರೋಗಿ ಎಂದು ಯಾರೂ ತೀರ್ಮಾನಿಸಿಲ್ಲ. ಇದನ್ನು ಡಾಕ್ಟರೇ ಎರಡು ಮಾತಿನಲ್ಲಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ನಿಲ್ಲಿಸಿದ್ದೀರೆಂದು ಅವರಿಗೆ ತಿಳಿಸಿ, ಮತ್ತೆ ಶುರು ಮಾಡಬೇಕೇ ಎಂದು ಕೇಳಿ. ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ ಆಗಿಂದಾಗಲೇ ಆಸ್ಪತ್ರೆಗೆ ಹೋಗಿ.

ಉಳಿದಂತೆ ನಾನು ನಿಮಗೆ ಹೇಳುವುದು ಒಂದೇ: ನಗು ಬಂದಾಗ ನಕ್ಕುಬಿಡಿ, ಅವರೆಲ್ಲರ ಎದುರೇ. ನಾದಿನಿ ಮತ್ತೆ ‘ಎಲ್ಲಿ ಹೋಯ್ತು’ ಎಂದರೆ, “ಎಲ್ಲೂ ಹೋಗಿಲ್ಲಮ್ಮ, ಇಲ್ಲೇ ಇದೆ” ಅನ್ನಿ. ಅಷ್ಟು ಹೇಳಿ, ಅರ್ಧಕ್ಕೆ ನಿಂತ ನಗುವನ್ನು ಮುಂದುವರಿಸಿ.