60 ದಾಟಿದರೆ ಕಾರು ಗುಂಯ್ ಅನ್ನುತ್ತದೆ: ಟೈರಾ, ಬೇರಿಂಗಾ?

ಕಾರು 60 ಕಿ.ಮೀ. ವೇಗ ದಾಟಿದ ಕೂಡಲೇ ಗುಂಯ್ ಅಂತ ಸದ್ದು ಬರುತ್ತದೆ, ಗ್ಯಾರೇಜಿನವರು ಟೈರ್ ಬದಲಿಸಿ ಅನ್ನುತ್ತಿದ್ದಾರೆ, ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಕೂರಿಸಿರುವ ಭಾಗ) ಇರಬಹುದಾ ಅಂತ ಕೇಳಿದ್ದೀರಿ. ದುಡ್ಡು ಬಿಚ್ಚುವ ಮೊದಲು ಸ್ವಲ್ಪ ತಡೆಯಿರಿ. ಇದೇ ಮಾತು ಕೇಳಿ ನಾನು ಮುಂದಿನ ಎರಡೂ ಟೈರ್ ಹೊಸದು ಹಾಕಿಸಿದ್ದೆ. ರಿಂಗ್ ರೋಡ್ ಹತ್ತಿದರೆ ಅದೇ ಗುಂಯ್.

ಗ್ಯಾರೇಜಿನವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಏರುಪೇರಾಗಿ ಸವೆದ ಟೈರ್ ಕೂಡ ಹೀಗೇ ಕೂಗುತ್ತದೆ. ಟೈರಿನ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ತಡೆದರೆ ಟೈರ್ ಮೇಲೆ ಅನುಮಾನ ಜಾಸ್ತಿ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸದ್ದಿನ ದನಿಯೇ ಬದಲಾದರೂ ಅಷ್ಟೆ. ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ ನೋಡಬಹುದು. ಸದ್ದೂ ಬದಲಾದರೆ ಟೈರೇ ಇರಬೇಕು.

ಇನ್ನು ಬೇರಿಂಗ್. ಖಾಲಿ, ನೇರ ರಸ್ತೆಯಲ್ಲಿ ಸದ್ದು ಬರುವ ವೇಗಕ್ಕೆ ಹೋಗಿ, ಒಂದೆರಡು ಕ್ಷಣ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಸದ್ದು ತಗ್ಗಿದರೂ ಗುಂಯ್ ನಿಲ್ಲದಿದ್ದರೆ ತೊಂದರೆ ಚಕ್ರದ ಕಡೆಯದು. ಆಮೇಲೆ ಸ್ಟೇರಿಂಗ್ ಮೆಲ್ಲಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಆಡಿಸಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಸಾಮಾನ್ಯವಾಗಿ ಬಲಗಡೆಯದೇ ಹೋಗಿರುತ್ತದೆ. ಸದ್ದು ಬಂದ ಕಡೆಯನ್ನು ಕಿವಿಯಿಂದಲೇ ಹೇಳಲು ಹೋಗಬೇಡಿ. ನನಗೆ ಹಿಂದಿನ ಸೀಟಿನ ಕೆಳಗಿನಿಂದ ಬಂದಂತೆ ಕೇಳುತ್ತಿತ್ತು, ಹೋಗಿದ್ದು ಮುಂದಿನ ಎಡಗಡೆಯದು! (ಪೂರ್ತಿ ತಿರುಗಿಸಿದಾಗ ಟಕ್ ಟಕ್ ಅಂದರೆ ಅದು ಬೇರೆ ಕಥೆ, ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಆಕ್ಸಲ್‌ನ ಜಾಯಿಂಟ್ ನೋಡಿಸಿ.)

ಕೊನೆಗೆ ನನಗೆ ಖಾತ್ರಿಯಾಗಿದ್ದು ಸ್ಪ್ರಿಂಗ್‌ನಿಂದ. ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕಿ ಕೊಟ್ಟು ಎತ್ತಿದೆ. ಗೇರ್ ನ್ಯೂಟ್ರಲ್. ಒಂದು ಕೈ ಸಸ್ಪೆನ್ಶನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿದೆ. ಬಲಗಡೆ ಏನೂ ಇಲ್ಲ. ಎಡಗಡೆ ಬೆರಳಿಗೆ ಗರಗರ, ಒಳಗೆ ಯಾರೋ ರಾಗಿಕಲ್ಲಿನಲ್ಲಿ ಮರಳು ಬೀಸುತ್ತಿದ್ದ ಹಾಗೆ. ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ. ಲೊಡಲೊಡ ಅಂದರೆ ಬೇರಿಂಗ್ ತೀರಾ ಸವೆದಿರಬಹುದು, ಅಂಥ ಕಾರನ್ನು ಹೈವೇಗೆ ಒಯ್ಯಬೇಡಿ. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ (ಸ್ಟೇರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಸರಳು) ನೋಡಿಸಿ. ಆಟ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತ ಅಲ್ಲ, ನನ್ನದು ಒಂಚೂರೂ ಆಡುತ್ತಿರಲಿಲ್ಲ. ಜಾಕಿ ಮೇಲಿರುವ ಕಾರಿನ ಅಡಿಗೆ ಮಾತ್ರ ಸುಮ್ನೆ ತಲೆ ಹಾಕಬೇಡಿ.

ಬದಲಿಸುವಾಗ ಎದುರಿಗೇ ನಿಂತಿರಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಹೊಸ ಬೇರಿಂಗ್ ಆಗಲೇ ಪೆಟ್ಟು ತಿಂದಿರುತ್ತದೆ, ಸ್ವಲ್ಪ ದಿನಕ್ಕೇ ಮತ್ತೆ ಗುಂಯ್. ಪ್ರೆಸ್ (ಬಡಿಯದೆ ಒತ್ತಿ ಕೂರಿಸುವ ಯಂತ್ರ) ಇಲ್ಲದ ಗ್ಯಾರೇಜಿನವರು ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸುತ್ತಾರೆ, ಅದನ್ನೇ ಕೇಳಿ. ಕಾರಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದು ಬೇರಿಂಗಿನ ಸೀಲ್‌ನಲ್ಲೇ ಅಯಸ್ಕಾಂತದ ಪಟ್ಟಿ ಇದ್ದರೆ, ಆ ಮುಖ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೇ ಬರಬೇಕು. ತಿರುವು ಮುರುವಾದರೆ ಎಬಿಎಸ್ ದೀಪ ಹತ್ತಿಕೊಂಡು ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ.