ಕೇಳಿ, ಬಿಡಿಸೋಣ: ಕನ್ನಡದ ಹೆಸರು ಬಂದರೆ ಎಕ್ಸ್‌ಎಂಎಲ್ ಯಾಕೆ ಮುರಿಯುತ್ತದೆ?

ಪ್ರಶ್ನೆ: ಮೇಡಂ, ಮದ್ದೂರು, ಮಳವಳ್ಳಿ ಕಡೆಯ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವ ಕೆಲಸ ನನ್ನದು. ಹಾಲಿನ ಬಟವಾಡೆ ದುಡ್ಡು ರೈತರ ಖಾತೆಗೆ ಹೋಗಲು ಒಂದು ಬ್ಯಾಂಕಿನ, ಎಕ್ಸ್‌ಎಂಎಲ್‌ನಲ್ಲಿ ಮಾತಾಡುವ ಸೋಪ್ ಸರ್ವೀಸ್‌ಗೆ ಎಕ್ಸ್‌ಎಂಎಲ್ ಮೆಸೇಜ್ (ಟ್ಯಾಗುಗಳ ನಡುವೆ ಮಾಹಿತಿ ಇಟ್ಟು ಬರೆದದ್ದು) ಕಳಿಸಬೇಕು. ಹೆಸರು ಇಂಗ್ಲಿಷಿನಲ್ಲಿದ್ದರೆ ಹೋಗುತ್ತದೆ. ಕನ್ನಡದಲ್ಲಿದ್ದರೆ ಡಾಕ್ಯುಮೆಂಟ್ ಅರ್ಧಕ್ಕೇ ಮುಗಿದಿದೆ ಅಂತ ಎರರ್ ಬರುತ್ತದೆ. ಅದೇ ಮೆಸೇಜನ್ನು ಸೋಪ್ ಪರೀಕ್ಷಿಸುವ ಸಾಫ್ಟ್‌ವೇರ್ ಸೋಪ್‌ಯುಐನಲ್ಲಿ ಅಂಟಿಸಿ ಕಳಿಸಿದರೆ ಸಲೀಸಾಗಿ ಹೋಗುತ್ತದೆ! ಬ್ಯಾಂಕಿನವರು ‘ಎಕ್ಸ್‌ಎಂಎಲ್‌ನಲ್ಲಿ ಕನ್ನಡ ಆಗಲ್ಲ, ಇಂಗ್ಲಿಷಲ್ಲೇ ಕಳಿಸಿ’ ಅಂತಾರೆ. ನಿಜವಾ?
— ಓದುಗರು, ಮದ್ದೂರು

ಉತ್ತರ: ಸುಳ್ಳು. ಎಕ್ಸ್‌ಎಂಎಲ್ 1.0 ಬಂದಿದ್ದು 1998ರ ಫೆಬ್ರವರಿಯಲ್ಲಿ. ಅದು ನಿಂತಿರುವುದೇ ಯೂನಿಕೋಡ್ ಮೇಲೆ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಂಬರು ಕೊಟ್ಟ ಪಟ್ಟಿಯ ಮೇಲೆ. ಎಕ್ಸ್‌ಎಂಎಲ್ ಓದುವ ಯಾವುದೇ ಪಾರ್ಸರ್ ಆ ನಂಬರುಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8, ಯುಟಿಎಫ್-16 ಎರಡೂ ರೀತಿಯನ್ನು ಓದಲೇಬೇಕು ಎಂದು ನಿಯಮವೇ ಇದೆ. ಹೆಸರಷ್ಟೇ ಅಲ್ಲ, ಟ್ಯಾಗನ್ನೂ ಕನ್ನಡದಲ್ಲಿ ಇಡಬಹುದು. `<ರೈತ><ಹೆಸರು>ಬೋರೇಗೌಡ</ಹೆಸರು></ರೈತ>` ಎನ್ನುವುದು ಎಲ್ಲ ರೀತಿಯಲ್ಲೂ ಸರಿಯಾದ ಎಕ್ಸ್‌ಎಂಎಲ್. ಬ್ಯಾಂಕಿನ ಡೇಟಾಬೇಸಿಗೆ ಕನ್ನಡ ಬೇಡದಿದ್ದರೆ ಅದು ಅವರ ಮನೆ ವಿಷಯ. ಎಕ್ಸ್‌ಎಂಎಲ್ ಮೇಲೆ ಹಾಕುವುದು ಬೇಡ.

ಆದರೆ ನಿಮ್ಮ ಕೇಸಿನಲ್ಲಿ ಬ್ಯಾಂಕಿನವರನ್ನು ಬೈದು ಪ್ರಯೋಜನವಿಲ್ಲ. ಸೋಪ್‌ಯುಐನಲ್ಲಿ ಹೋಗುತ್ತದೆ ಅಂದಿರಲ್ಲ, ಗುಟ್ಟು ಅಲ್ಲೇ ಇದೆ. ಮೆಸೇಜ್ ಸರಿ ಇದೆ, ಕಳಿಸುವ ರೀತಿ ಸರಿಯಿಲ್ಲ. ನಿಮ್ಮ ಕೋಡ್ ತೆಗೆದು, ಮೆಸೇಜ್ ಎಷ್ಟುದ್ದ ಎಂದು ಸರ್ವರಿಗೆ ಮೊದಲೇ ಹೇಳುವ ‘ಕಂಟೆಂಟ್-ಲೆಂತ್’ ಹೆಡರ್ ಎಲ್ಲಿ ತುಂಬಿದ್ದೀರಿ ನೋಡಿ. ಸ್ಟ್ರಿಂಗಿನ (ಕೋಡಿನಲ್ಲಿರುವ ಪಠ್ಯದ) ಉದ್ದ ಕೇಳಿ ಅದನ್ನೇ ಹಾಕಿರುತ್ತೀರಿ, ನೂರಕ್ಕೆ ತೊಂಬತ್ತು ಪಾಲು. ಆ ಹೆಡರ್ ಕೇಳುವುದು ಅಕ್ಷರದ ಲೆಕ್ಕವನ್ನಲ್ಲ, ಬೈಟಿನ ಲೆಕ್ಕವನ್ನು.

ಬೋರೇಗೌಡರ ಹೆಸರನ್ನೇ ಬಿಡಿಸಿ ನೋಡೋಣ. ಬ, ಓತ್ವ, ರ, ಏತ್ವ, ಗ, ಔತ್ವ, ಡ. ಕಂಪ್ಯೂಟರಿಗೆ ಇದು 7 ಯೂನಿಕೋಡ್ ಚಿಹ್ನೆ. ಜಾವಾ, ಪೈಥಾನ್ ಎರಡೂ ಉದ್ದ 7 ಅಂತಲೇ ಹೇಳುತ್ತವೆ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಅಲ್ಲಿಗೆ 21 ಆಯಿತು. ನೀವು 14 ಬೈಟ್ ಕಡಿಮೆ ಹೇಳಿದಿರಿ. ಸರ್ವರ್ ನಿಮ್ಮ ಮಾತು ನಂಬಿ ಅಷ್ಟಕ್ಕೇ ಓದುವುದನ್ನು ನಿಲ್ಲಿಸುತ್ತದೆ. ನಿಮ್ಮ ಮೆಸೇಜಿನ ಕೊನೆಯಲ್ಲಿ ಇರುವುದು, ಇಡೀ ಸೋಪ್ ಮೆಸೇಜನ್ನು ಸುತ್ತುವ ಎನ್ವಲಪ್ ಮುಚ್ಚುವ ಟ್ಯಾಗ್. ಇಂಗ್ಲಿಷಿನಲ್ಲಿ ಸೋಪ್ ಅನ್ನುವ ನಾಲ್ಕಕ್ಷರ, ಎನ್ವಲಪ್ ಅನ್ನುವ ಎಂಟಕ್ಷರ, ಕೋಲನ್, ಓರೆಗೆರೆ, ಎರಡು ಕಡೆಯ ಕೋನ, ಎಲ್ಲ ಸೇರಿ 16 ಬೈಟ್. ಅದರಲ್ಲಿ 14 ಹೋದರೆ ಸರ್ವರಿಗೆ ಉಳಿಯುವುದು ಬರೀ `</`. ಡಾಕ್ಯುಮೆಂಟ್ ಅರ್ಧಕ್ಕೇ ಮುಗಿದಿದೆ ಅನ್ನದೆ ಇನ್ನೇನು ಅನ್ನುತ್ತದೆ, ಪಾಪ? ಬಟವಾಡೆ ಪಟ್ಟಿಯಲ್ಲಿ ಇಡೀ ಊರಿನ ಹೆಸರಿದ್ದರೆ ಕೊನೆಯ ಕೆಲವು ರೈತರೇ ಮಾಯವಾಗುತ್ತಾರೆ.

ಪರಿಹಾರ ಸುಲಭ. ಆ ಹೆಡರನ್ನು ನೀವು ಮುಟ್ಟಬೇಡಿ, ಲೈಬ್ರರಿಗೆ ಬಿಡಿ. ಲೈಬ್ರರಿಗೂ ಸ್ಟ್ರಿಂಗ್ ಕೊಡಬೇಡಿ. ಮೊದಲು ಯುಟಿಎಫ್-8 ಬೈಟ್ ಮಾಡಿಕೊಂಡು ಅದನ್ನು ಕೊಡಿ. ಜೊತೆಗೆ ‘ಕಂಟೆಂಟ್-ಟೈಪ್’ ಹೆಡರಿನಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಮೆಸೇಜಿನ ಮೊದಲ ಸಾಲಿನಲ್ಲಿ ಬರೆದಿದ್ದೀನಲ್ಲ, ಸಾಲದಾ ಅನ್ನಬೇಡಿ. 2001ರ ನಿಯಮದ ಪ್ರಕಾರ, ಟೆಕ್ಸ್ಟ್/ಎಕ್ಸ್‌ಎಂಎಲ್ ಎಂದು ಕಳಿಸಿ ಕ್ಯಾರೆಕ್ಟರ್ ಸೆಟ್ ಹೇಳದಿದ್ದರೆ ಒಳಗಿನ ಸಾಲನ್ನು ಕಡೆಗಣಿಸಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಎಂದೇ ತಿಳಿಯಬೇಕಿತ್ತು. 2014ರಲ್ಲಿ ಆ ನಿಯಮ ಬದಲಾಯಿತು. ಬ್ಯಾಂಕುಗಳ ಹಳೆಯ ಸರ್ವರ್‌ಗಳು ಬದಲಾಗಿರಬೇಕಲ್ಲ?

ಬ್ಯಾಂಕಿನವರಿಗೆ ತೋರಿಸಲು ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಹೆಸರಿನ ಮೊದಲಕ್ಷರದ ಜಾಗದಲ್ಲಿ `&#3244;` ಎಂದು ಬರೆಯಿರಿ. ಅದು ‘ಬ’ ಅಕ್ಷರದ ಯೂನಿಕೋಡ್ ನಂಬರು. ಹೀಗೇ ಇಡೀ ಹೆಸರನ್ನು ನಂಬರಿನಲ್ಲಿ ಬರೆದರೆ ದಾರಿಯಲ್ಲಿ ಹೋಗುವುದೆಲ್ಲ ಆಸ್ಕಿ. ಆ ಕಡೆಯ ಪಾರ್ಸರ್ ಅದನ್ನು ಮತ್ತೆ ಬೋರೇಗೌಡ ಮಾಡಿಕೊಳ್ಳುತ್ತದೆ. ಇದು ಹೋಯಿತು ಅಂದರೆ ಅವರ ಪಾರ್ಸರಿಗೆ ಕನ್ನಡ ಬರುತ್ತದೆ, ಬೈಟಿನ ಲೆಕ್ಕ ತಪ್ಪಿರುವುದು ನಮ್ಮ ಕಡೆ ಅಂತ ಖಾತ್ರಿ.

ಕುವೆಂಪುನಗರದ ನಮ್ಮ ಪುಟ್ಟ ಆಫೀಸಿಗೆ ಹೊಸಬರು ಬಂದರೆ ನಾನು ಮೊದಲು ಕೋಡ್ ತೋರಿಸುವುದಿಲ್ಲ. ಸರ್ವರಿಗೆ ಹೋದ ಮೆಸೇಜಿನ ಕಚ್ಚಾ ಪ್ರತಿ ಕೊಡುತ್ತೇನೆ, ಹೆಡರ್ ಸಮೇತ. ಸ್ಕ್ರೀನಿನ ಮೇಲೆ ಕಾಣುವುದು ಬೇರೆ, ತಂತಿಯಲ್ಲಿ ಹೋಗುವುದು ಬೇರೆ. ಲಾಗ್‌ನಲ್ಲಿ ಬೈಟಿನ ಲೆಕ್ಕ ಬರೆದಿಟ್ಟುಕೊಳ್ಳಿ. ಖಾತೆ ನಂಬರ್ ಮಾತ್ರ ಮರೆಮಾಡಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಸರು ಹೋದ ಮೇಲೆ ‘ಖಾತೆಯ ಹೆಸರಿಗೆ ಹೊಂದುತ್ತಿಲ್ಲ’ ಅಂತ ಕೆಲವು ವಾಪಸ್ ಬರುತ್ತವೆ. ‘ರಾಜ್‌ಕುಮಾರ್’ ಎಂದು ಟೈಪ್ ಮಾಡುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂರುತ್ತದೆ. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ಓದುವವರಿಗೆ ಒಬ್ಬರೇ ಮನುಷ್ಯ, ಕಂಪ್ಯೂಟರಿಗೆ ಇಬ್ಬರು. ಒತ್ವವೂ ಅಷ್ಟೇ. ಅದನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟೂ ಬರೆಯಬಹುದು. ನೋಡಲು ಏನೂ ವ್ಯತ್ಯಾಸವಿಲ್ಲ. ಎಕ್ಸ್‌ಎಂಎಲ್ ಇದನ್ನೆಲ್ಲ ತಾನಾಗಿ ಸರಿಮಾಡುವುದಿಲ್ಲ. ಕಳಿಸುವ ಮೊದಲು ಯೂನಿಕೋಡ್ ನಾರ್ಮಲೈಸ್ ಮಾಡಿ, ಅಂದರೆ ಒತ್ವದಂತೆ ಎರಡು ಥರ ಬರೆಯಬಹುದಾದದ್ದನ್ನು ಒಂದೇ ಥರಕ್ಕೆ ತನ್ನಿ. ಕಾಣದ ಚಿಹ್ನೆ ಇಡಬೇಕೋ ಬಿಡಬೇಕೋ ಅನ್ನುವುದನ್ನು ಎರಡೂ ಕಡೆಯವರು ಕೂತು ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಎಕ್ಸ್‌ಎಂಎಲ್‌ನಲ್ಲಿ ಬೇಕಾದ ಭಾಗ ಹುಡುಕುವ ನಮ್ಮ ಎಕ್ಸ್‌ಪಾತ್ ಕೋಡ್ ಚೆನ್ನಾಗಿಯೇ ಓಡುತ್ತಿತ್ತು. ಆ ಕಡೆಯವರು ಸರ್ವರ್ ಬದಲಾಯಿಸಿದ ಮೇಲೆ ಉತ್ತರ ಖಾಲಿ ಬರುತ್ತಿದೆ. ಮೆಸೇಜ್ ತೆಗೆದು ನೋಡಿದರೆ ಟ್ಯಾಗಿನ ಹೆಸರಿನ ಮುಂದೆ ‘ಸೋಪ್’ ಎಂದಿದ್ದ ಪ್ರಿಫಿಕ್ಸ್ ಬರೀ ‘ಎಸ್’ ಆಗಿದೆ. ಉಳಿದದ್ದೆಲ್ಲ ಹಾಗೇ ಇದೆ. ಅವರು ‘ನಾವು ಏನೂ ಬದಲಾಯಿಸಿಲ್ಲ’ ಅಂತಾರೆ.
— ಓದುಗರು, ಹೆಬ್ಬಾಳ್, ಮೈಸೂರು

ಉತ್ತರ: ಅವರು ಹೇಳುವುದು ಸರಿ. ಮನೆಯಲ್ಲಿ ಪುಟ್ಟ ಅಂತ ಕರೆದರೂ ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿರುತ್ತದಲ್ಲ, ಪ್ರಿಫಿಕ್ಸ್ ಆ ‘ಪುಟ್ಟ’. ಅಸಲಿ ಗುರುತು ನೇಮ್‌ಸ್ಪೇಸ್, ಅಂದರೆ ಆ ಪ್ರಿಫಿಕ್ಸಿಗೆ ಜೋಡಿಸಿದ ವಿಳಾಸ. ನಿಮ್ಮ ಕೋಡ್ ಪ್ರಿಫಿಕ್ಸ್ ಅಕ್ಷರಗಳನ್ನೇ ಹಿಡಿದು ಹುಡುಕುತ್ತಿದೆ. ನೇಮ್‌ಸ್ಪೇಸ್ ವಿಳಾಸವನ್ನು ನಿಮ್ಮದೇ ಪ್ರಿಫಿಕ್ಸಿಗೆ ಜೋಡಿಸಿ, ಆಮೇಲೆ ಹುಡುಕಿ. ಪ್ರಿಫಿಕ್ಸೇ ಇಲ್ಲದೆ ಡೀಫಾಲ್ಟ್ ನೇಮ್‌ಸ್ಪೇಸ್ ಇದ್ದಾಗಲೂ ಎಕ್ಸ್‌ಪಾತ್‌ನಲ್ಲಿ ಹೀಗೇ ಜೋಡಿಸಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ವಿಳಾಸವನ್ನು ಮಾತ್ರ ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ. ಸೋಪ್ 1.1ರ ಎನ್ವಲಪ್ ವಿಳಾಸ ಓರೆಗೆರೆಯಿಂದ ಮುಗಿಯುತ್ತದೆ, 1.2ರದ್ದು ಮುಗಿಯುವುದಿಲ್ಲ. ಶುರುವಿನ ಎಚ್‌ಟಿಟಿಪಿಗೆ ಸುರಕ್ಷತೆಯ ಆಸೆಯಿಂದ ಒಂದು ಎಸ್ ಸೇರಿಸಿದರೂ ಕೆಟ್ಟಿತು. ಅದು ಬ್ರೌಸರಿನಲ್ಲಿ ತೆರೆಯುವ ವಿಳಾಸವಲ್ಲ, ಸುಮ್ನೆ ಒಂದು ಗುರುತು. ಸರ್ವರ್ ಬದಲಾದ ಜೊತೆಗೆ ಆವೃತ್ತಿಯೂ 1.1ರಿಂದ 1.2ಕ್ಕೆ ಹೋಗಿದೆಯಾ ಅಂತಲೂ ನೋಡಿ. ಹೋಗಿದ್ದರೆ ವಿಳಾಸವೂ ಬೇರೆ, ಕಂಟೆಂಟ್-ಟೈಪೂ ಬೇರೆ.

ಪ್ರಶ್ನೆ: ಎಲ್ಲ ಕಡೆ ಜೇಸನ್ (ಮಾಹಿತಿ ಬರೆಯುವ ಇನ್ನೊಂದು ರೀತಿ) ಇರುವಾಗ ಎಕ್ಸ್‌ಎಂಎಲ್ ಯಾಕೆ ಕಲಿಯಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಎಲ್ಲ ಕಡೆ ಇಲ್ಲವಲ್ಲ. ನೀವು ಕಬ್ಬಿನ ಹಾಲಿನ ಅಂಗಡಿಯಲ್ಲಿ ಯುಪಿಐ ಮಾಡಿದಾಗ ಬ್ಯಾಂಕುಗಳ ನಡುವೆ ಓಡಾಡುವುದು ಡಿಜಿಟಲ್ ಸಹಿ ಹಾಕಿದ ಎಕ್ಸ್‌ಎಂಎಲ್. ಆಧಾರ್ ದೃಢೀಕರಣವೂ ಎಕ್ಸ್‌ಎಂಎಲ್. ಅಂಗಡಿಯ ಟ್ಯಾಲಿಗೆ ಹೊರಗಿನಿಂದ ಲೆಕ್ಕ ತುಂಬುವುದಕ್ಕೂ ಅದು ಒಂದು ದಾರಿ. ಹೌದು, ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರಲ್ಲಿ ರಿಟರ್ನ್ಸ್ ಫೈಲುಗಳನ್ನು ಎಕ್ಸ್‌ಎಂಎಲ್‌ನಿಂದ ಜೇಸನ್‌ಗೆ ಬದಲಾಯಿಸಿತು. ಹೊಸದಾಗಿ ಬರೆಯುವುದಿದ್ದರೆ ನಾನೂ ಜೇಸನ್ನೇ ತೆಗೆದುಕೊಳ್ಳುತ್ತೇನೆ. ಆದರೆ ನಿಮಗೆ ಸಿಗುವ ಮೊದಲ ಕೆಲಸ ಹೊಸದಾಗಿ ಬರೆಯುವುದಾಗಿರುವುದಿಲ್ಲ, ಬರೆದಿಟ್ಟುಕೊಳ್ಳಿ.

ಸಹಿಯ ಮಾತು ಬಂತಲ್ಲ. ಸಹಿ ಹಾಕಿದ ಎಕ್ಸ್‌ಎಂಎಲ್ ಅನ್ನು ಚೆಂದ ಕಾಣಲಿ ಅಂತ ಸಾಲು ಮುರಿದು, ಜಾಗ ಬಿಟ್ಟು ಜೋಡಿಸಬೇಡಿ. ಟ್ಯಾಗುಗಳ ನಡುವಿನ ಖಾಲಿ ಜಾಗವೂ ಸಹಿಯ ಲೆಕ್ಕಕ್ಕೆ ಸೇರುತ್ತದೆ. ಒಂದು ಸ್ಪೇಸ್ ಸೇರಿದರೂ ಸಹಿ ಸುಳ್ಳಾಗುತ್ತದೆ.

ಪ್ರಶ್ನೆ: ಗಿರಾಕಿಯ ಅಂಗಡಿ ಹೆಸರಿನಲ್ಲಿ ‘& ಸನ್ಸ್’ ಎಂದಿದೆ. ಅದೊಂದು ಬಿಲ್ ಮಾತ್ರ ಹೋಗುತ್ತಿಲ್ಲ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಎಕ್ಸ್‌ಎಂಎಲ್‌ನಲ್ಲಿ & ಬಂದರೆ ಮುಂದೆ ಒಂದು ಕೋಡ್ ಇದೆ ಅಂತ ಅರ್ಥ. ನಿಮ್ಮಲ್ಲಿ ಸ್ಪೇಸ್ ಬಂತು, ಪಾರ್ಸರ್ ಅಲ್ಲೇ ಕೈಚೆಲ್ಲಿತು. `&#38;` ಎಂದು ಕಳಿಸಿದರೆ ಸರಿಹೋಗುತ್ತದೆ. ಆದರೆ ಹುಡುಕಿ ಬದಲಾಯಿಸುವ ಸಾಲೊಂದನ್ನು ಕೋಡಿಗೆ ಸೇರಿಸಲು ಹೋಗಬೇಡಿ. ಈಗಾಗಲೇ ಬದಲಾಗಿರುವುದನ್ನು ಅದು ಇನ್ನೊಮ್ಮೆ ಬದಲಾಯಿಸುತ್ತದೆ. ಆಮೇಲೆ ಬಿಲ್ಲಿನ ಮೇಲೆ ‘&#38; ಸನ್ಸ್’ ಅಂತಲೇ ಅಚ್ಚಾಗಿ, ಗಿರಾಕಿ ಫೋನ್ ಮಾಡುತ್ತಾರೆ. ಸ್ಟ್ರಿಂಗ್ ಜೋಡಿಸಿ ಎಕ್ಸ್‌ಎಂಎಲ್ ಕಟ್ಟುವುದನ್ನೇ ಬಿಡಿ, ಲೈಬ್ರರಿಯಿಂದ ಕಟ್ಟಿ. ಅದು ಈ ಕೆಲಸವನ್ನು ಒಂದೇ ಸಲ ಮಾಡುತ್ತದೆ.