ಕುರುವನ್ನು ಹಿಂಡಬೇಡಿ, ಶಾಖ ಕೊಡಿ
ತೊಡೆಸಂದಿಯ ಕುರುವನ್ನು ಮನೆಯಲ್ಲೇ ಬೇಗ ಒಡೆಯುವುದು ಹೇಗೆ, ರಕ್ತ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ದಯವಿಟ್ಟು ಒಡೆಯಲು ಹೋಗಬೇಡಿ. ನಾನು ಹೋಗಿ ಅನುಭವಿಸಿದ್ದೇನೆ.

ನನಗೆ ಎದ್ದಿದ್ದು ಕತ್ತಿನ ಹಿಂದೆ, ಕೂದಲು ಶುರುವಾಗುವ ಜಾಗದಲ್ಲಿ. ಗಟ್ಟಿ ಗಂಟು, ಸುತ್ತ ಕೆಂಪು, ಮೇಲೆ ಬಿಗಿದು ಹೊಳೆಯುವ ಚರ್ಮ. ಕಾಲರ್ ತಾಗಿದರೂ ಜೀವ ಹೋಗುತ್ತಿತ್ತು. ಕೀವು ಹೊರಗೆ ಬಂದರೆ ನೋವು ಇಳಿಯುತ್ತದೆ ಅಂತ ಎರಡೂ ಕೈಯಿಂದ ಗಟ್ಟಿಯಾಗಿ ಹಿಂಡಿದೆ. ಬಂದಿದ್ದು ಒಂದು ಹನಿ ರಕ್ತ, ಅಷ್ಟೇ.

ಕೀವು ಬರಲಿಲ್ಲ, ಯಾಕೆಂದರೆ ಕುರು ಇನ್ನೂ ಹಣ್ಣಾಗಿರಲಿಲ್ಲ. ಕೂದಲಿನ ಬುಡಕ್ಕೆ ಬ್ಯಾಕ್ಟೀರಿಯಾ ಹೊಕ್ಕಾಗ ಕುರು ಏಳುತ್ತದೆ. ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. ದೇಹ ಅದನ್ನು ಗೋಡೆ ಕಟ್ಟಿದ ಹಾಗೆ ಒಂದೇ ಕಡೆ ತಡೆದು, ಕೀವನ್ನು ನಿಧಾನವಾಗಿ ಮೇಲಕ್ಕೆ ತರುತ್ತದೆ. ಅದಕ್ಕೆ ಮುಂಚೆ ಹಿಂಡಿದರೆ ಮೇಲೆ ದಾರಿಯೇ ಇರುವುದಿಲ್ಲ. ಒತ್ತಿದ ಬಲವೆಲ್ಲ ಒಳಕ್ಕೆ ಹೋಗಿ ಸೋಂಕು ಪಕ್ಕದ ಬುಡಗಳಿಗೆ ಹರಡಬಹುದು. ನನಗೂ ಹಾಗೇ ಆಯಿತು. ಅಕ್ಕಪಕ್ಕ ಮತ್ತೆ ಕುರುವಿನ ಮುಖಗಳು ಎದ್ದು, ಎಲ್ಲ ಸೇರಿ ಒಂದೇ ಗಡ್ಡೆಯಾಯಿತು. ಕಾರ್ಬಂಕಲ್ ಅಂದರು ಡಾಕ್ಟರು. ಜ್ವರ ಬಂತು, ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಕೊನೆಗೆ ಮರಗಟ್ಟಿಸಿ, ಕೊಯ್ದು, ಕೀವು ತೆಗೆದು ಒಳಗೆ ಗಾಜ್ ಬಟ್ಟೆ ತುಂಬಿದರು. ಆ ಕಲೆ ಇವತ್ತಿಗೂ ಇದೆ.

ರಕ್ತ ಕೆಟ್ಟಿದೆ ಅನ್ನುವುದನ್ನು ತಲೆಯಿಂದ ತೆಗೆಯಿರಿ. ಈ ಬ್ಯಾಕ್ಟೀರಿಯಾ ಆರೋಗ್ಯವಾಗಿರುವವರ ಮೂಗಿನಲ್ಲಿ, ಚರ್ಮದ ಮೇಲೆ ಕೂಡ ಸುಮ್ನೆ ಇರುತ್ತದೆ. ಶೇವ್ ಮಾಡಿದ ಗೀರು, ಬೆವರು, ಬಿಗಿ ಬಟ್ಟೆಯ ಉಜ್ಜಾಟ ಅದಕ್ಕೆ ದಾರಿ ಮಾಡಿಕೊಡುತ್ತವೆ. ರಕ್ತ ಶುದ್ಧಿಯ ಔಷಧಿಗೆ ದುಡ್ಡು ಸುರಿಯಬೇಡಿ. ಪದೇ ಪದೇ ಕುರು ಏಳುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ, ಅದು ನಿಜಕ್ಕೂ ಬೇಕು.

ಈಗ ಮಾಡಬೇಕಾಗಿರುವುದು ಶಾಖ. ಶುಭ್ರ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಕುರುವಿನ ಮೇಲೆ 10-15 ನಿಮಿಷ ಇಡಿ. ದಿನಕ್ಕೆ 3-4 ಸಲ. ನೀರು ಚರ್ಮ ಸುಡುವಷ್ಟು ಬಿಸಿ ಇರಬಾರದು. ಸಾಮಾನ್ಯವಾಗಿ ಕುರು ಹಣ್ಣಾಗಿ ತಾನಾಗಿಯೇ ಒಡೆಯುತ್ತದೆ. ಆಗ ಸೋಪು ನೀರಿನಿಂದ ತೊಳೆದು, ಗಾಜ್ ಬಟ್ಟೆ ಮುಚ್ಚಿ, ಕೈ ತೊಳೆದುಕೊಳ್ಳಿ. ಟವೆಲ್, ರೇಜರ್ ಯಾರಿಗೂ ಕೊಡಬೇಡಿ. ಮೇಲೆ ಹಚ್ಚುವ ಮುಲಾಮು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಮಾತ್ರೆಯನ್ನಂತೂ ನುಂಗಲೇಬೇಡಿ.

ಜ್ವರ ಬಂದರೆ, ಕೆಂಪು ಹರಡುತ್ತಿದ್ದರೆ, ನೋವು ಏರುತ್ತಲೇ ಇದ್ದರೆ, 2 ವಾರವಾದರೂ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು, ಮುಖದಲ್ಲಿ ಕುರು ಎದ್ದವರು ಇಷ್ಟು ಕಾಯಲೂ ಬಾರದು.

ಇನ್ನೊಂದು ಮಾತು. ತೊಡೆಸಂದಿ, ಕಂಕುಳಲ್ಲಿ ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಕಲೆ ಉಳಿಸುತ್ತಿದ್ದರೆ ಅದು ಬರೀ ಕುರು ಅಲ್ಲದೆಯೂ ಇರಬಹುದು. ಹೈಡ್ರಾಡೆನೈಟಿಸ್ ಅನ್ನುವ ಕಾಯಿಲೆ ಥೇಟ್ ಹೀಗೇ ಕಾಣುತ್ತದೆ. ಅದರ ಚಿಕಿತ್ಸೆಯೇ ಬೇರೆ. ನಿಮಗೂ ಹೀಗೆ ಆಗುತ್ತಿದ್ದರೆ ಚರ್ಮದ ಡಾಕ್ಟರಿಗೇ ತೋರಿಸಿ.